ಕಣ್ಣು ಬರೆಯುವ ಮೊದಲು

ಪೊಳಕಿ ಮರ ಹಗುರ, ಅದಕ್ಕೇ ಆರಿಸಿಕೊಂಡೆ.
ಎದೆಮಟ್ಟ ಎತ್ತರ, ಕುಂಬಳದ ಬಾಗು,
ಹೊಟ್ಟೆಯ ಜಾಗದಲ್ಲೊಂದು ಗಾಜಿನ ಕಿಂಡಿ,
ಬೆನ್ನಿಗೆ ಸಲಾಯಿನ್ ನಳಿಕೆ ಎರಡು.
ಹುಣಸೆಬೀಜದ ಅಂಟಿನಲ್ಲಿ ಗೋಣಿನಾರು ಅದ್ದಿ
ಮೂರು ಸಲ ಮೆತ್ತಿ, ಕಲ್ಲುಪುಡಿ ತೀಡಿ,
ಮೇಲೆ ಲಜವಾರ. ಹೊಳೆಯಿತು
ಮದುವೆಮನೆಯ ಕೊಡದ ಹಾಗೆ.

ಕಿನ್ನಾಳದ ನಮ್ಮ ಬಾಗಿಲಲ್ಲಿ ನಿಂತು ಅಪ್ಪ ಕೇಳಿದ:
"ಯಾವ ದೇವ್ರು ಇದು?"
"ದೇವ್ರಲ್ಲಪ್ಪ, ಬಸಿರು. ಮುಂದ ಬರೋದು.
ಹೆಣ್ಣಿಲ್ಲದ ಬಸಿರು."
ಎಲೆ ಉಗುಳಿ ಬಂದ, ಬೆರಳ ಗೆಣ್ಣಿನಿಂದ ತಟ್ಟಿದ:
"ಕೆಳಗ ಸ್ವಲ್ಪ ಟೊಳ್ಳಾತು."

ಕೊಪ್ಪಳದ ಹಳೇ ಶಾಲೆ, ಎರಡನೇ ಕೋಣೆ, ಆರು ದಿನ.
ಪಕ್ಕದ ಮೇಜಿನ ಮೇಲೆ
ನಾನೇ ಬರೆದ ಅರ್ಜಿ ನಮೂನೆ, ಇಸವಿ ೨೦೮೧:
ಮೈಬಣ್ಣ ಯಾವುದು. ಎತ್ತರ ಎಷ್ಟು.
ಯಾವ ಕಾಯಿಲೆ ಬೇಡ, ಯಾವ ಅಜ್ಜನ ಮೂಗು ಬೇಡ.
ಬಾಡಿಗೆ ತಪ್ಪಿದರೆ ಯಂತ್ರ ನಿಲ್ಲಿಸಬಹುದೇ, ಹೌದು, ಇಲ್ಲ.
ಉಳಿದ ಭ್ರೂಣಗಳನ್ನು ಏನು ಮಾಡೋಣ,
ಎರಡು ಗೆರೆ ಮೀರದಂತೆ ಬರೆಯಿರಿ.

ಬರೆದರು. ನಗುತ್ತಲೇ ಬರೆದರು.
ಗೋಧಿ, ಗೋಧಿ, ಕೆಂಪು, ಗೋಧಿ.
ಒಬ್ಬ ಹುಡುಗ ಮಾತ್ರ: ಪಾಟಿಯ ಕಪ್ಪು.
ಜಾತಿಯ ಕಾಲಂ ನಾನು ಇಟ್ಟಿರಲಿಲ್ಲ.
ಹನ್ನೊಂದು ಮಂದಿ
ಸ್ಕೇಲು ಹಿಡಿದು ಗೆರೆ ಎಳೆದು ಸೇರಿಸಿದ್ದರು.

ಮೂರನೇ ದಿನ ಭಾಗ್ಯನಗರದ ಸೂಲಗಿತ್ತಿ ಲಾಲಬೀ.
ಚಪ್ಪಲಿ ಹೊರಗೆ ಬಿಟ್ಟು ಬಂದವಳು ಅವಳೊಬ್ಬಳೇ.
ಮರಕ್ಕೆ ಕಿವಿ ಇಟ್ಟಳು.
"ಒದಿತೈತೇನು?"
"ಒದೆಯೋಹಂಗ ಮಾಡಬಹುದು, ಅಮ್ಮಾ."
"ಒದ್ದರ ಯಾರಿಗೆ ನೋಯ್ತೈತಿ?"
ಸುತ್ತು ಹಾಕಿ ಬಂದು ಮತ್ತೆ:
"ಮಾಸು ಎಲ್ಲಿ ಹುಗೀತಾರ?"
ನನ್ನ ನಮೂನೆಯ ಹಾಳೆ ಮಡಚಿ
ಅದರಿಂದ ಗಾಳಿ ಬೀಸಿಕೊಂಡಳು.

ಗಿಣಿಗೇರಿಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಬಾಳವ್ವ
ಎರಡು ದಿನ ಬಂದಳು. ಎಲ್ಲರೂ ಹೋಗಲೆಂದು ಕಾದಳು.
"ಇದಕ್ಕ ಎಷ್ಟು ರೊಕ್ಕ?"
"ಮಾರೋದಲ್ಲಕ್ಕಾ, ಇದೊಂದು ಪ್ರಶ್ನೆ."
"ಪ್ರಶ್ನಿ ಎಲ್ಲಾ ಹೊಟ್ಟಿ ತುಂಬಿದವರಿಗವ್ವಾ.
ನಂದು ತಗದು ಒಂಬತ್ತು ವರ್ಷಾತು."
ಗೋಡೆಯ ಇಸವಿ ಕಡೆ ನೋಡಿದಳು.
"ಆಗ ನನಗ ಎಷ್ಟಾಗಿರ್ತೈತಿ?"
ಲೆಕ್ಕ ಹಾಕಿದೆ. ತೊಂಬತ್ತನಾಲ್ಕು.
ಹೇಳಲಿಲ್ಲ.

ನಮ್ಮ ಮನೆಯಲ್ಲಿ ಕಣ್ಣು ಕೊನೆಗೆ ಬರೆಯುತ್ತಾರೆ.
ಅಲ್ಲಿಯವರೆಗೆ ಮುಕ್ಕಾದರೆ ಒಲೆಗೆ, ಪಾಪವಿಲ್ಲ.
ಬರೆದ ಮೇಲೆ ದಾಟಲಿಕ್ಕೂ ಬಾರದು.
ಗಾಜಿನೊಳಗೆ ಅಂಗೈಯಷ್ಟು ಮರದ ಕೂಸು,
ಅದಕ್ಕೆ ಬೇಕೆಂದೇ ಕಣ್ಣು ಬರೆದಿರಲಿಲ್ಲ.
ಕಲೆ ಎಂದರೆ ಸಾಕಿತ್ತು ನನಗೆ,
ಉತ್ತರ ಕೊಡುವ ಗೋಜಿಲ್ಲ.

ಕೊನೆಯ ದಿನ ಟೆಂಪೋಕ್ಕೆ ಏರಿಸುವಾಗ ಕಂಡೆ:
ನಳಿಕೆಗೆ ಐದು ಹಸಿರು ಬಳೆ,
ಹೊಟ್ಟೆಯ ಸುತ್ತ ಒಂದು ಖಣ, ಗಂಟು ಹಿಂದಕ್ಕೆ.
ಕುಬಸ ಮಾಡಿ ಹೋಗಿದ್ದಾರೆ ಯಾರೋ.
ಲಾಲಬೀಯೋ, ಬಾಳವ್ವನೋ,
ಆ ಹನ್ನೊಂದು ಮಂದಿಯಲ್ಲೊಬ್ಬರ ಹೆಂಡತಿಯೋ.

ರಾತ್ರಿ ಅಪ್ಪ ಬಳೆ ಎಣಿಸಿದ.
"ಕಣ್ಣಿಲ್ಲದಿದ್ರೂ
ಇನ್ನ ಒಲಿಗೆ ಹಾಕಾಕ ಬರಂಗಿಲ್ಲ ನೋಡು."
ಕೆಳಗಿನ ಟೊಳ್ಳಿಗೆ
ಅವ್ವನ ಹಳೇ ಸೀರೆಯ ತುಂಡು ತುರುಕಿ
ದೀಪ ಆರಿಸಿದ.