ಸಾಧನಕ್ಕೆ ಬಿಡುವಿಲ್ಲ

ನಮ್ಮೂರು ಪ್ಲೊವ್‌ದಿವ್‌ನಲ್ಲಿ ಯಾರಾದರೂ ತೀರಿಕೊಂಡರೆ
ಹಾಳೆಯೊಂದರಲ್ಲಿ ಮುಖ, ಹೆಸರು, ವಯಸ್ಸು ಅಚ್ಚಾಗಬೇಕು,
ಸುತ್ತ ಕಪ್ಪು ಗೆರೆ.
ಬಾಗಿಲಿಗೊಂದು, ಲಿಫ್ಟಿಗೊಂದು, ಬಸ್‌ ನಿಲ್ದಾಣದ ಕಂಬಕ್ಕೊಂದು.
ನಲವತ್ತನೆಯ ದಿನಕ್ಕೆ ಮತ್ತೆ. ವರ್ಷಕ್ಕೆ ಮತ್ತೆ.
ಪೆನ್ಕಾಳ ಅಂಗಡಿ ನಡೆಯುವುದೇ ಇದರಿಂದ.

ಎಂಟು ಗಂಟೆಗೆ ಫೋನು:
"ಪ್ರಿಂಟರ್ ಮುನಿಸಿಕೊಂಡಿದೆ, ಬೇಗ ಬಾ.
ಹನ್ನೊಂದಕ್ಕೆ ಮಣ್ಣು,
ಊರಿಗೆ ಇನ್ನೂ ಸುದ್ದಿಯೇ ಇಲ್ಲ."

ಕೇಬಲ್ ಕಿತ್ತೆ, ಊದಿದೆ, ಸಿಕ್ಕಿಸಿದೆ.
ಟೋನರ್ ಇತ್ತು. ಕಾಗದ ಇತ್ತು.
ಡ್ರೈವರ್ ಅಳಿಸಿ ಮತ್ತೆ ಹಾಕಿದೆ.
ಪರದೆಯದು ಒಂದೇ ಮಾತು: ಸಾಧನಕ್ಕೆ ಬಿಡುವಿಲ್ಲ.
"ಯಾರ ಜೊತೆ?" ಎಂದಳು ಪೆನ್ಕಾ,
ಗಂಡನನ್ನು ವಿಚಾರಿಸುವ ದನಿಯಲ್ಲಿ.

ನೆಗಡಿಗೆ ಮೂಗು ಕೊಯ್ಯುವವನಲ್ಲ ನಾನು.
ತೆರೆದಿದ್ದನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಬಂದೆ:
ಲಾಟರಿ ಫಲಿತಾಂಶ, ಹವಾಮಾನ, ಸ್ವೆಟರಿನ ನಕಾಶೆ.
ಮೂಲೆಯಲ್ಲಿ ಉಳಿದದ್ದು ಹಾಡು ನುಡಿಸುವ ಪ್ಲೇಯರ್.
ಯಾರೂ ತೆರೆದಿರಲಿಲ್ಲ.
ತನ್ನಷ್ಟಕ್ಕೆ ಏನನ್ನೋ ಎಣಿಸುತ್ತಿತ್ತು,
ಇನ್ನೂರ ಹದಿನೇಳು, ಇನ್ನೂರ ಹದಿನೆಂಟು...

ಬಗ್ಗಿ ನೋಡಿದೆ. ಪ್ರಿಂಟರಿನ ಪಕ್ಕೆಯ ಸೀಳಿನಲ್ಲಿ
ಉಗುರಿನಷ್ಟು ಕಾರ್ಡು.
ನಿನ್ನೆ ಸಂಜೆ ಮಗಳು ತಂದುಕೊಟ್ಟದ್ದಂತೆ, ಅಪ್ಪನ ಫೋನಿನದು,
"ಫೋಟೋ ಇದರಲ್ಲಿದೆ" ಎಂದು.
ಫೋಟೋ ತೆಗೆದುಕೊಂಡು ಕಾರ್ಡು ಮರೆತಿದ್ದಾಳೆ ಪೆನ್ಕಾ.
ಇದ್ದ ಫೋಟೋ ಒಂದು.
ಹಾಡು ನಾನೂರ ಹನ್ನೆರಡು.
ಪ್ಲೇಯರ್ ವಾಸನೆ ಹಿಡಿದು,
ಪ್ರಿಂಟರನ್ನೇ ಹಾಡಿನ ಪೆಟ್ಟಿಗೆ ಎಂದು ನಂಬಿ
ತಬ್ಬಿಕೊಂಡು ಕೂತುಬಿಟ್ಟಿದೆ.
ಇರುವುದು ಒಂದೇ ತಂತಿ.
ಹಾಡು ಬರುವ ದಾರಿಯಲ್ಲೇ
ಸಾವಿನ ಸುದ್ದಿಯೂ ಹೋಗಬೇಕು.

ಮುಚ್ಚಲು ಹೋದ ಬೆರಳು ಜಾರಿತು.
ಮೊದಲು ಕೆಮ್ಮು.
ಆಮೇಲೆ ಕುರ್ಚಿ ಎಳೆದ ಸದ್ದು, "ಶುರು ಮಾಡಲಾ?" ಎಂಬ ದನಿ,
ಆಮೇಲೆ ಚರ್ಮದ ಚೀಲಕ್ಕೆ ಉಸಿರು ತುಂಬಿ
ಗೈದಾ ವಾದ್ಯ ಎದ್ದಿತು,
ಟ್ರಾಲಿಬಸ್ ಓಡಿಸುತ್ತಿದ್ದ ಸ್ತಾಮೆನ್ ಕರಾದೀಮೊವ್
ತನ್ನ ಅಡುಗೆಮನೆಯಲ್ಲಿ, ಸ್ವಲ್ಪ ಅಪಸ್ವರದಲ್ಲಿ.

"ನಿಲ್ಲಿಸಲಾ?" ಎಂದೆ.
ಪೆನ್ಕಾ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು.
ನಮ್ಮಲ್ಲಿ ಹಾಗೆಂದರೆ, ಬೇಡ.

ನಾಲ್ಕು ನಿಮಿಷ. ಗಡಿಯಾರ ಒಂಬತ್ತೂವರೆ ದಾಟಿತ್ತು.
ಹೊರಗೆ ಯಾರೋ ತರಕಾರಿ ಗಾಡಿಗೆ ಬೈಯುತ್ತಿದ್ದರು.

ಮುಗಿದ ಮೇಲೆ ಕಾರ್ಡು ಎಳೆದೆ.
"ಹೊಸ ಸಾಧನ ಕಂಡರೆ ತಾನೇ ಹುಡುಕು" ಎಂಬಲ್ಲಿ
ಗುರುತು ತೆಗೆದೆ. ಅಷ್ಟೇ ಕೆಲಸ.
ಪ್ರಿಂಟರ್ ಒಮ್ಮೆ ನಡುಗಿ, ಉಗುಳತೊಡಗಿತು.
ಬೇಕಾದದ್ದು ಮೂವತ್ತು;
ಸಿಟ್ಟಿನಲ್ಲಿ ಮೂರು ಸಲ ಒತ್ತಿದ್ದಳಲ್ಲ,
ತೊಂಬತ್ತು ಬಂದವು.
ತೊಂಬತ್ತು ಸಲ ಸತ್ತ ಮನುಷ್ಯ ತಟ್ಟೆ ತುಂಬಿ
ನೆಲಕ್ಕೂ ಜಾರಿದ.

ಗೋಂದಿನ ಡಬ್ಬಿ ಹಿಡಿದು ಮಗಳು ಬಂದಳು.
ಕಾರ್ಡನ್ನು ಅವಳ ಅಂಗೈಗಿಟ್ಟ ಪೆನ್ಕಾ
ಹಾಡಿನ ಮಾತು ಎತ್ತಲಿಲ್ಲ. ನಾನೂ.
ಮೇಲಿನ ಹಾಳೆ ಮುಟ್ಟಿ ಅವಳು,
"ಇನ್ನೂ ಬಿಸಿ ಇದೆ" ಎಂದಳು.