ತೂತು ಹೇಳುವುದಿಲ್ಲ

ಏಪ್ರಿಲ್ ತಿಂಗಳ ಎರಡನೇ ಸೋಮವಾರ,
ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ
ಮಡಚುವ ಕುರ್ಚಿ ನೂರಿಪ್ಪತ್ತು, ಬಂದವರು ಇನ್ನೂ ಹೆಚ್ಚು.
ಹೊರಗೆ ವಿಸ್ಕಾನ್ಸಿನ್ನಿನ ಕೊಳಕು ಹಿಮ,
ಒಳಗೆ ಒದ್ದೆ ಬೂಟಿನ ವಾಸನೆ.
ಕೇಳಬೇಕಾದ್ದು ಒಂದೇ:
ಬಿಲ್ಲಿನವರ ಋತುವಿನಲ್ಲಿ ಅಡ್ಡಬಿಲ್ಲಿಗೆ ಜಾಗ ಉಂಟೋ ಇಲ್ಲವೋ.

ನಾನು ಬೇಟೆಯವಳಲ್ಲ. ಜಿಂಕೆ ಸುಲಿಯುವವಳು.
ಕೌಂಟಿ ರಸ್ತೆಯ ಪಕ್ಕದ ತಗಡಿನ ಶೆಡ್ಡು ನನ್ನದು,
ಸೆಪ್ಟೆಂಬರಿನಿಂದ ಜನವರಿಯವರೆಗೆ
ಊರವರು ಕೊಂದದ್ದನ್ನು ಊಟವಾಗಿಸುತ್ತೇನೆ.
ಮೂವತ್ತೊಂದು ವರ್ಷ. ಕೈಯ ಚರ್ಮದಲ್ಲಿ ಕೊಬ್ಬು ಕೂತುಬಿಟ್ಟಿದೆ,
ಎಷ್ಟು ತೊಳೆದರೂ ಬೆಕ್ಕು ಹಿಂದೆ ಬರುತ್ತದೆ.

ಮೊದಲು ಎದ್ದವನು ಆರ್ಲಿನ್ ವೆಂಡಾರ್ಫ್, ನನ್ನ ತಮ್ಮ.
ಮೈಕಿಗಿಂತ ಮುಂಚೆ ಅವನ ದನಿ.
"ಹೆದೆ ಎಳೆದು ಹಿಡಿಯಬೇಕು. ತೋಳು ನಡುಗಬೇಕು.
ಜಿಂಕೆ ತಲೆ ಎತ್ತಿದರೆ ಆ ನಡುಕದೊಳಗೇ ಕಾಯಬೇಕು.
ಅದು ಬಿಲ್ಲು.
ಚಕ್ರ ತಿರುಗಿಸಿ ಹೆದೆ ಏರಿಸಿ, ದುರ್ಬೀನು ಕೂರಿಸಿ,
ಮೊಣಕಾಲ ಮೇಲಿಟ್ಟು ಕುದುರೆ ಒತ್ತುವುದು
ಬಂದೂಕು. ಬಾಯಿ ಕಟ್ಟಿಕೊಂಡ ಬಂದೂಕು."
ಚಪ್ಪಾಳೆ. ಕುರ್ಚಿಗಳೂ ಕಿರುಗುಟ್ಟಿ ಹೌದೆಂದವು.

ಆಮೇಲೆ ಡೊರೀನ್ ಪ್ಲಾಂಕ್, ಶಾಲೆಯ ಬಸ್ಸು ಓಡಿಸುವವಳು,
ಭುಜದಲ್ಲಿ ಮೂರು ಸ್ಕ್ರೂ:
"ಸೋತದ್ದು ನನ್ನ ತೋಳು. ಕಾಡೇನು ನನ್ನ ಮೇಲೆ ಮುನಿದಿಲ್ಲ.
ಅಕ್ಟೋಬರಿನ ಮುಂಜಾವು ನನಗೂ ಬೇಕು."
ಹಿಂದಿನಿಂದ ಯಾರೋ: "ಬಂದೂಕಿನ ವಾರಕ್ಕೆ ಬಾ."
ಯಾರೆಂದು ತಿರುಗಿ ಹುಡುಕಿದಳು.
ಎಲ್ಲರೂ ತಂತಮ್ಮ ಟೋಪಿ ನೋಡಿಕೊಳ್ಳುತ್ತಿದ್ದರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ:
ತೂತು ಹೇಳುವುದಿಲ್ಲ.
ಪಕ್ಕೆಲುಬಿನ ನಡುವೆ ಮೂರು ಗೀರಿನ ನಕ್ಷತ್ರ,
ಬೆರಳು ಬಿಟ್ಟದ್ದೋ ಕುದುರೆ ಒದ್ದದ್ದೋ
ತೊಗಲಿಗೆ ಗೊತ್ತಿಲ್ಲ.
ಗೊತ್ತಾಗುವುದು ಬೇರೆ. ಎಷ್ಟು ದೂರ ಓಡಿತು,
ಎಷ್ಟು ಹೊತ್ತು ಮಲಗಿ ಮತ್ತೆ ಎದ್ದಿತು.
ಹೆದರಿ ಓಡಿದ ಮಾಂಸ ಕಪ್ಪಾಗಿ ಚಾಕುವಿಗೆ ಅಂಟುತ್ತದೆ.
ಕರುಳಿಗೆ ಬಿದ್ದದ್ದು ಬಾಗಿಲಲ್ಲೇ ತಿಳಿಯುತ್ತದೆ,
ತಂದವನು ಕಣ್ಣು ತಪ್ಪಿಸುವುದರಿಂದ.

ಹೋದ ನವೆಂಬರಿನಲ್ಲಿ, ಯಾರದೋ ಗುಂಡಿಗೆ ಬಿದ್ದ ಮುದಿ ಹೆಣ್ಣು ಜಿಂಕೆ.
ಭುಜದ ಮೂಳೆಯ ಹಿಂದೆ ನನ್ನ ಚಾಕು ಠಣ್ ಎಂದಿತು.
ಮಾಂಸ ಸುತ್ತಿ, ಬಿಳಿ ನಾರು ಹೆಣೆದು,
ಚಿಪ್ಪು ಮುತ್ತನ್ನು ಸಾಕಿದ ಹಾಗೆ ಸಾಕಿಕೊಂಡಿತ್ತು
ಒಂದು ಬಾಣದ ಅಲಗನ್ನು, ಎರಡು ವರ್ಷವೋ ಮೂರೋ.
ಅಲಗಿನ ಬುಡದಲ್ಲಿ ಅರದಿಂದ ಎಳೆದ ಎರಡು ಗೀರು.
ನಮ್ಮಪ್ಪ ಹಾಗೆ ಗುರುತು ಹಾಕುತ್ತಿದ್ದ.
ಈಗ ಹಾಕುವವನು ಒಬ್ಬನೇ.
"ತಾಗಲೇ ಇಲ್ಲ, ಬೆನ್ನ ಮೇಲಿಂದ ಹೋಯಿತು" ಎಂದಿದ್ದ,
ಆಲೂಗಡ್ಡೆ ಬಡಿಸಿಕೊಳ್ಳುತ್ತಾ.

ಬಟ್ಟೆಯಲ್ಲಿ ಸುತ್ತಿ ತಂದಿದ್ದೆ, ಕೋಟಿನ ಜೇಬಿನಲ್ಲಿ.
ಯಾಕೆ ತಂದೆ, ಈಗಲೂ ತಿಳಿಯದು.

ಕೊನೆಗೆ ಎದ್ದವರು ಶೌ ನೆಂಗ್ ಹೆರ್,
ಊರಾಚೆ ಜಿನ್ಸೆಂಗ್ ಬೆಳೆಯುವ ಹ್ಮಾಂಗ್ ಮುದುಕರು.
ಮಾತು ತಿರುಗಿಸಿ ಹೇಳಲು ಮೊಮ್ಮಗಳು ಜೊತೆಗೆ ಎದ್ದಳು;
ಬೇಡವೆಂದು ಕೈಯಾಡಿಸಿದರು.
"ಲಾವೋಸಿನಲ್ಲಿ ನನ್ನ ಅಜ್ಜನದು ಅಡ್ಡಬಿಲ್ಲು. ಮರದ್ದು, ಸೆಣಬಿನ ಹುರಿ.
ಪಾದದಿಂದ ಒತ್ತಿ ಎರಡೂ ಕೈಯಲ್ಲಿ ಎಳೆಯಬೇಕು.
ನಮ್ಮಲ್ಲಿ ಬಿಲ್ಲು ಅಂದರೆ ಅದು.
ನಿಮ್ಮದನ್ನು ಇಲ್ಲಿಗೆ ಬಂದಮೇಲೆ ನೋಡಿದೆ.
ಇದೂ ಬಿಲ್ಲೇ ಇರಬೇಕು ಅಂದುಕೊಂಡೆ."
ಅಷ್ಟೇ. ಕೂತರು.

ಕೆಲವರು ನಕ್ಕರು. ಆರ್ಲಿನ್ ಕೂಡ ನಕ್ಕ, ನಾನು ನೋಡಿದೆ.
ನಕ್ಕಮೇಲೂ ಕೈ ಎತ್ತಿದ್ದು 'ಬೇಡ' ಎಂಬುದಕ್ಕೇ.
ಎಡಗೈ.
ಬಲದ್ದು ಎರಡು ಚಳಿಗಾಲದಿಂದ ಕಿವಿಯ ಮೇಲಕ್ಕೆ ಹೋಗುತ್ತಿಲ್ಲ,
ಯಾರಿಗೂ ಹೇಳಿಲ್ಲ ಅವನು.
ನಾನು ಯಾವುದಕ್ಕೂ ಎತ್ತಲಿಲ್ಲ.

ಹೊರಗೆ ನನ್ನ ಟ್ರಕ್ಕಿನ ಗಾಜಿನ ಹಿಮ ಕೆರೆದುಕೊಟ್ಟ.
"ಈ ಸಲ ಸಾಸೇಜಿಗೆ ಬೆಳ್ಳುಳ್ಳಿ ಸ್ವಲ್ಪ ಮುಂದಾಗಿ ಹಾಕು" ಎಂದ.
ಜೇಬಿನಲ್ಲಿ ಬಟ್ಟೆಯ ಗಂಟು ಬೆಚ್ಚಗಾಗಿತ್ತು.
"ಮೊದಲು ಜಿಂಕೆ ತಾ" ಎಂದೆ.