ರಾತ್ರಿ ಪಾಳಿಯಿಂದ ಹಗಲು ಪಾಳಿಗೆ

ಚೋಯ್ಜಿಲ್, ಕಲ್ಲಿದ್ದಲು ನಲವತ್ತು ಬುಟ್ಟಿ ಸುರಿದಿದ್ದೇನೆ,
ಬೂದಿ ತೆಗೆದಾಗಿದೆ, ಎರಡನೇ ಬಾಯ್ಲರಿನ ಮುಳ್ಳು
ಅರವತ್ತೆಂಟಕ್ಕೆ ನಿಂತಿದೆ. ಶಾಲೆಯ ಮಕ್ಕಳು
ಬರುವ ಹೊತ್ತಿಗೆ ಗೋಡೆ ಬೆಚ್ಚಗಾಗಿರುತ್ತದೆ.
ಇದಿಷ್ಟು ಕೆಲಸದ ಮಾತು.

ಇನ್ನು ನಿನ್ನ ವಾಚು.

ನಿಮ್ಮ ಬೀದಿಯಲ್ಲಿ ಕರೆಂಟಿಲ್ಲವೆಂದು
ಕಿಟಕಿಯ ಹಲಗೆಯ ಮೇಲೆ ಚಾರ್ಜಿಗೆ ಹಚ್ಚಿ ಹೋದೆಯಲ್ಲ,
ನಾರಾನ್‌ತೂಲ್ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು,
ಯಾರೋ ಕೊರಿಯದವರು ಕಟ್ಟಿ ಬಿಟ್ಟದ್ದು.
ಅಕ್ಷರ ಒಂದೂ ನಮಗೆ ತಿಳಿಯದು, ಅಂಕಿ ಮಾತ್ರ ಎಲ್ಲರದು.
'ಹಸಿರು ಮಿಂಚು ಕಂಡರಾಯಿತು ಅಕ್ಕಾ' ಎಂದೆ.
ಕಂಡಿತು. ಹತ್ತು ಗಂಟೆಗೆ ಹಸಿರು ಮಿಂಚು, ಹದಿನಾಲ್ಕು.
ಹನ್ನೊಂದಕ್ಕೆ ಹಸಿರು ಮಿಂಚು, ಹದಿನಾಲ್ಕು.
ಹನ್ನೆರಡಕ್ಕೂ ಹದಿನಾಲ್ಕೇ.
ಮಿಂಚಿದ್ದೆಲ್ಲ ಮಳೆಯಾಗುತ್ತದೇನೋ ಹುಡುಗಾ?

ನಾನು ಕುರಿಮಂದೆಯಲ್ಲಿ ಬೆಳೆದವಳು.
ಮರಿ ಕೆಚ್ಚಲಿಗೆ ಬಾಯಿ ಹಚ್ಚಿದ ಕೂಡಲೇ ಬಾಲ ಕುಣಿಸುತ್ತದೆ,
ಬತ್ತಿದ ಮೊಲೆಗೂ ಕುಣಿಸುತ್ತದೆ.
ಬಾಲ ನೋಡಿ ನಂಬಿ ಮಲಗಿದವನೊಬ್ಬ
ಬೆಳಿಗ್ಗೆ ಸೆಟೆದ ಮರಿಯನ್ನು ಕಾಲು ಹಿಡಿದೆತ್ತಿದ್ದ.
ಅವನನ್ನೇ ಮದುವೆಯಾದೆ, ಆ ಮಾತು ಈಗ ಬೇಡ.
ಗಂಟಲಿಗೆ ಬೆರಳಿಡಬೇಕು, ಗುಟುಕು ಇಳಿಯುವುದು ಸಿಗುತ್ತದೆ.
ಆಮೇಲೆ ಹೊಟ್ಟೆ ಮುಟ್ಟಬೇಕು:
ಕುಡಿದ ಹೊಟ್ಟೆ ಬಿಸಿ.

ನಿನ್ನ ವಾಚಿನ ಹೊಟ್ಟೆ ಮುಟ್ಟಿದೆ. ಮಂಜುಗಡ್ಡೆ.
ಗಾಜಿನ ಮೇಲೆ ಬೆರಳು ದಪ್ಪ ಹಿಮ,
ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ತಿರುವಿ ನೋಡಿದರೆ ಎರಡು ಹಿತ್ತಾಳೆ ಚುಕ್ಕಿಗಳ ಮೇಲೆ
ನಿನ್ನ ಬೆವರೂ ನಮ್ಮ ಇದ್ದಲ ಪುಡಿಯೂ ಕೂಡಿ
ಕಪ್ಪು ಹಕ್ಕಳೆ ಕಟ್ಟಿದೆ.
ಬೆಂಕಿಕಡ್ಡಿಗೆ ಹತ್ತಿ ಸುತ್ತಿ
ಕಾವಲುಗಾರ ಪಗ್ವನ ಸಾರಾಯಿಯಲ್ಲಿ ಅದ್ದಿ ಒರೆಸಿದೆ.
ಬಾಟಲಿ ಎಲ್ಲಿಡುತ್ತಾನೆಂದು ನನ್ನನ್ನು ಕೇಳಬೇಡ.
ಮತ್ತೆ ಹಚ್ಚಿದೆ. ಅಯಸ್ಕಾಂತ ಟಕ್ಕೆಂದು ಕಚ್ಚಿತು.
ಹಸಿರು ಮಿಂಚು.
ಹದಿನಾಲ್ಕು.

ಆಗ ಹೊಳೆಯಿತು: ಹಸಿವಿದೆ, ನುಂಗುವ ಕಾವಿಲ್ಲ.
ಚಳಿ ಹಿಡಿದ ಮರಿಯ ಬಾಯಿಗೆ ಹಾಲೆರೆದರೆ
ಕಟವಾಯಿಯಲ್ಲೇ ಸೋರಿಹೋಗುತ್ತದೆ,
ಮೊದಲು ಕಾವು ಕೊಡಬೇಕು, ಹಾಲು ಆಮೇಲೆ.

ದೇಲ್ ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಅವುಚಿಕೊಂಡು
ಗೋಡೆಗೆ ಒರಗಿ ಕೂತೆ.
ತುಸು ಹೊತ್ತಿಗೆ ಅಂಗಿಯೊಳಗೆ ಹಸಿರು ಬೆಳಕು,
ಬಟ್ಟೆಯ ನೂಲು ಎಣಿಸುವಷ್ಟು.
ಹೊರಗೆಳೆದರೆ ಒಂದು ಪುಟ್ಟ ಹೃದಯದ ಚಿತ್ರ,
ಅದರ ಪಕ್ಕ ಐವತ್ತೊಂಬತ್ತು.
ಮತ್ತೆ ಎದೆಗೊತ್ತಿ ತೆಗೆದೆ, ಅರವತ್ತಮೂರು.
ಗಂಡ ಹೋದ ಮೇಲೆ ಇಲ್ಲಿ ಯಾರೂ ಕಿವಿಯಿಟ್ಟಿರಲಿಲ್ಲ.
ಕೊರಿಯದ ಅಕ್ಷರದಲ್ಲಿ ಅದು ಏನನ್ನೋ ಕೇಳಿತು.
ಹೂಂ ಅಂದೆ.
ಮೂಲೆಯಲ್ಲಿ ಹದಿನಾಲ್ಕು ಹೋಗಿ ಹದಿಮೂರಾಗಿತ್ತು.

ಎರಡೂವರೆಗೆ ಬಾಯ್ಲರಿನಿಂದ ಮೂರು ಮೊಳ ದೂರ
ಇಟ್ಟಿಗೆಯ ಮೇಲಿಟ್ಟು ತಂತಿ ಹಚ್ಚಿದೆ.
ಒಂದು ಬುಟ್ಟಿ ಸುರಿದು ಬಂದೆ, ಹದಿಮೂರು.
ಇನ್ನೊಂದು ಸುರಿದು ಬಂದೆ,
ಹದಿನೇಳು!
ಯಾರಿಗೆ ಕೂಗಿ ಹೇಳಿದೆನೋ, ಬೆಂಕಿಗಲ್ಲದೆ.

ಈಗ ತೊಂಬತ್ತೆರಡು.
ಹೊಟ್ಟೆ ಮುಟ್ಟಿ ನೋಡು, ಉಗುರು ಬೆಚ್ಚಗಿದೆ.
ನಾಲ್ಕನೇ ಮಹಡಿಗೆ ಹತ್ತಿ ಇಳಿದು ಹೆಜ್ಜೆ ಕೂಡಿಸು,
ಪಗ್ವನ ಜೊತೆಗಿನ ಪಂಥ ಗೆಲ್ಲು.
ಮಿಂಚನ್ನು ಕೇಳಬೇಡ, ಅಂಕಿಯನ್ನು ಎರಡು ಸಲ ಕೇಳು,
ನಡುವೆ ಒಂದು ಬುಟ್ಟಿಯಷ್ಟು ಹೊತ್ತು ಬಿಟ್ಟು.
ನಡುರಾತ್ರಿ ಕರಗಿದ ಆ ಒಂದನ್ನು
ನನ್ನ ಲೆಕ್ಕಕ್ಕೆ ಬರೆದುಕೊ,
ಸಂಬಳದ ದಿನ ಚಹಾ ಕುಡಿಸುತ್ತೇನೆ.

ಹಾಂ, ಮೂರನೇ ಬುಟ್ಟಿಯ ಹಿಡಿ ಮುರಿದಿದೆ.
ಕೈ ಜೋಪಾನ.

ಯಂಜ್ಮಾ